ಇಪ್ಪತ್ತನೇ ಸಲಕ್ಕೆ ಭಾರವಾಗುವ ಬಟ್ಟು

ವೀರರ ತೋಳುಗಳನ್ನು ಹಾಡಿ ಹೊಗಳಿದವರಿಗೆ ಲೆಕ್ಕವಿಲ್ಲ. ಬಿಲ್ಲು ಬಗ್ಗಿಸಿದ ತೋಳಿಗೆ ಪದ್ಯವಿದೆ, ಬೆಟ್ಟ ಎತ್ತಿದ ತೋಳಿಗೆ ಪದ್ಯವಿದೆ, ಅದನ್ನು ರಾಗವಾಗಿ ಓದುವವರಿದ್ದಾರೆ, ತಲೆದೂಗಿ ಕೇಳುವವರೂ ಇದ್ದಾರೆ. ಆದರೆ ಕಿರಾಣಿ ಅಂಗಡಿಯ ಕಟ್ಟೆಯ ಮೇಲಿನ, ತೂಗಲು ಬಳಸುವ ಕಬ್ಬಿಣದ ಬಟ್ಟನ್ನು ಒಂದೇ ಒಂದು ಸಲ ಎತ್ತಿ, "ಅರವತ್ತು ಗ್ರಾಂ ಕಡಿಮೆ" ಎಂದು ಹೇಳಿ ಇಳಿಸಿದ ತೋಳನ್ನು ಮಾತ್ರ ಈವರೆಗೆ ಯಾರೂ ಹಾಡಿಲ್ಲ. ಪದ್ಯ ಕಟ್ಟುವ ಶಕ್ತಿ ನಮಗೆ ದೇವರು ಕೊಡಲಿಲ್ಲ. ಗದ್ಯದಲ್ಲೇ ಆ ಋಣ ತೀರಿಸೋಣ.

ಆ ತೋಳಿನ ಒಡೆಯರು ತೂಕ ಮತ್ತು ಅಳತೆ ಕಚೇರಿಯ ಪರೀಕ್ಷಕರು. ಇಪ್ಪತ್ತೆರಡು ವರ್ಷಗಳಿಂದ ಪೇಟೆಯ ಅಂಗಡಿಗಳನ್ನು ಸುತ್ತಿ, ಸವೆದ ಬಟ್ಟುಗಳನ್ನೂ ತಳ ಕೊರೆದ ಬಟ್ಟುಗಳನ್ನೂ ಹಿಡಿದು ತಂದವರು. ತಕ್ಕಡಿ ಹೊತ್ತ ಜವಾನ ಏದುಸಿರು ಬಿಡುತ್ತ ಹಿಂದಿನಿಂದ ಬಂದು ಸೇರುವಷ್ಟರಲ್ಲಿ ಇವರ ಕೈ ತೀರ್ಪು ಕೊಟ್ಟಾಗಿರುತ್ತಿತ್ತು. ತಕ್ಕಡಿಗೆ ಉಳಿದ ಕೆಲಸ ಹೌದೆನ್ನುವುದು ಮಾತ್ರ. ಪೇಟೆಯವರು ಅವರಿಗೆ 'ಕೈತಕ್ಕಡಿ' ಎಂದು ಹೆಸರಿಟ್ಟಿದ್ದರು. ಅದು ಬೈಗುಳವೆಂದು ಅಂಗಡಿಯವರೂ ಬಿರುದೆಂದು ಅವರೂ ತಿಳಿದಿದ್ದರಿಂದ ಎರಡು ಕಡೆಯೂ ಸಮಾಧಾನವಿತ್ತು.

ಹೀಗಿರುವಾಗ ಕಚೇರಿಗೆ ಹೊಸ ಸಾಹೇಬರು ಬಂದರು. ವ್ಯಾಯಾಮಶಾಲೆಗೆ ಹೋಗಿ ಬೆಳೆಸಿದ ತೋಳು. ಅಂಗಿಯ ತೋಳಿನ ಹೊಲಿಗೆ ಇವತ್ತು ಬಿಡುತ್ತದೋ ನಾಳೆ ಬಿಡುತ್ತದೋ ಎಂದು ಗುಮಾಸ್ತೆ ಅಮ್ಮ ದಿನವೂ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಸಾಹೇಬರು ಬಂದ ವಾರದಲ್ಲೇ ಹಳೆಯ ತಕ್ಕಡಿಗಳನ್ನೆಲ್ಲ ಉಗ್ರಾಣಕ್ಕೆ ಸಾಗಿಸಿ, ಹೊಳೆಯುವ ಒಂದು ಎಲೆಕ್ಟ್ರಾನಿಕ್ ಯಂತ್ರ ತರಿಸಿದರು. ಆಮೇಲೆ ಕೈತಕ್ಕಡಿಯವರನ್ನು ಒಳಗೆ ಕರೆದರು.

"ನೋಡ್ರೀ, ಇನ್ನು ಕೈಯಲ್ಲಿ ತೂಗೋ ಕಾಲ ಮುಗೀತು. ನಿಮಗೂ ವಯಸ್ಸಾಯ್ತು. ಹಳೇ ಕಡತಗಳ ಕೋಣೆ ಖಾಲಿ ಇದೆ, ಅಲ್ಲಿಗೆ ಹಾಕ್ತೀನಿ. ಫ್ಯಾನ್ ಇದೆ."

"ಫ್ಯಾನ್ ತಿರುಗಲ್ಲ ಸಾರ್."

"ಇದೆಯೋ ಇಲ್ವೋ? ಮೂವತ್ತನೇ ತಾರೀಖು ಸಂಜೆ ಐದರ ಟಪಾಲಿಗೆ ವರ್ಗಾವಣೆ ಪಟ್ಟಿ ಹೋಗುತ್ತೆ. ಅದು ತಪ್ಪಿದ್ರೆ ಇನ್ನೆರಡು ವರ್ಷ ಯಾರನ್ನೂ ಅಲ್ಲಾಡಿಸೋ ಹಾಗಿಲ್ಲ. ಅದಕ್ಕೇ ಈಗಲೇ ಹೇಳಿದೆ."

ಎರಡು ವರ್ಷಕ್ಕೆ ಸರಿಯಾಗಿ ಕೈತಕ್ಕಡಿಯವರ ನಿವೃತ್ತಿ. ಅಂದರೆ ಆ ಪಟ್ಟಿಯಲ್ಲಿ ಹೆಸರು ಸೇರಿದರೆ ಅವರ ತೋಳು ಮತ್ತೆಂದೂ ಪೇಟೆಯ ಬಟ್ಟು ಮುಟ್ಟುವುದಿಲ್ಲ. ಕಡತಗಳ ಕೋಣೆಯ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿತ್ತು. ಅಲ್ಲಿ ತೂಗುವುದಕ್ಕೆ ಏನಾದರೂ ಇದ್ದರೆ ಅದು ಧೂಳು.

"ಕೈ ತುಕ್ಕು ಹಿಡಿದಿದೆ ಅಂತಾನಲ್ಲ, ಸಾಣೆ ಹಿಡಿದು ತೋರಿಸ್ತೀನಿ" ಎಂದು ಅವರು ಮನೆಯಲ್ಲಿ ಹೆಂಡತಿಯ ಮುಂದೆ ಘರ್ಜಿಸಿದರು.

"ಮೊದಲು ಆ ಅಟ್ಟದ ಮೇಲಿನ ಟ್ರಂಕು ಇಳಿಸಿಕೊಡಿ. ಸಾಣೆ ಆಮೇಲೆ" ಎಂದರು ಹೆಂಡತಿ.

ಮರುದಿನದಿಂದ ಕೈತಕ್ಕಡಿಯವರು ಎಲ್ಲರಿಗಿಂತ ಒಂದು ಗಂಟೆ ಮೊದಲು ಕಚೇರಿಗೆ ಬಂದು ವ್ಯಾಯಾಮ ಶುರು ಮಾಡಿದರು. ಸಾಧನ ಯಾವುದು? ಕಬ್ಬಿಣದ ಗುಂಡಲ್ಲ, ಮರಳಿನ ಚೀಲವಲ್ಲ. ಕಚೇರಿಯ ಕಪಾಟಿನಲ್ಲಿ, ಮಖಮಲ್ಲು ಹಾಸಿದ ಪೆಟ್ಟಿಗೆಯೊಳಗೆ, ಮೆತ್ತನೆಯ ಚರ್ಮದ ತುಂಡು ಹೊದ್ದು ಮಲಗಿದ್ದ ಐದು ಕಿಲೋ ತೂಕದ ಹಿತ್ತಾಳೆಯ ಮಾದರಿ ಬಟ್ಟು! ಪೇಟೆಯ ಸಮಸ್ತ ಬಟ್ಟುಗಳಿಗೂ ಅದೇ ತಾಯಿ. ಅದರ ಜೊತೆ ಹೋಲಿಸಿ ಸರಿಯೆನಿಸಿಕೊಂಡ ಬಟ್ಟಿಗೆ ಮಾತ್ರ ಮುದ್ರೆ ಬೀಳುತ್ತಿತ್ತು. ಅಂಥದ್ದನ್ನು ಚರ್ಮದ ತುಂಡಿನಲ್ಲಿ ಭಕ್ತಿಯಿಂದ ಹಿಡಿದು, ಮೊಣಕೈ ಮಡಿಸುತ್ತ, ಒಂದು, ಎರಡು, ಮೂರು ಎಂದು ಎತ್ತತೊಡಗಿದರು.

ಹತ್ತರವರೆಗೆ ಸೊಗಸಾಗಿತ್ತು. ಹದಿನೈದಕ್ಕೆ ಏನೋ ಅನುಮಾನ. ಇಪ್ಪತ್ತನೇ ಸಲ ಎತ್ತುವಾಗ ಕೈತಕ್ಕಡಿಯವರು ಎಣಿಕೆ ನಿಲ್ಲಿಸಿ ಬಟ್ಟನ್ನೇ ದಿಟ್ಟಿಸಿದರು. ಬಟ್ಟು ಭಾರವಾಗಿತ್ತು!

ಇಲ್ಲಿ ಓದುಗರು ನಗಬಾರದು. ಇಪ್ಪತ್ತೆರಡು ವರ್ಷದಲ್ಲಿ ಅವರು ಒಂದು ಬಟ್ಟನ್ನು ಒಂದಕ್ಕಿಂತ ಹೆಚ್ಚು ಸಲ ಎತ್ತಿದವರೇ ಅಲ್ಲ. ಎತ್ತಬೇಕು, ಹೇಳಬೇಕು, ಇಳಿಸಬೇಕು, ಮುಂದಿನ ಅಂಗಡಿಗೆ ನಡೆಯಬೇಕು. ಒಂದೇ ಬಟ್ಟನ್ನು ಇಪ್ಪತ್ತು ಸಲ ಎತ್ತುವುದು ಅವರ ಕಸುಬಿನಲ್ಲಿ ಅವಮಾನದ ಮಾತು. ಇನ್ನು ಆ ಕೈ ಸುಳ್ಳು ಹೇಳಿದ ದಾಖಲೆ ಇಲ್ಲ. ಕೈ ಸುಳ್ಳು ಹೇಳುವುದಿಲ್ಲ ಎಂದಮೇಲೆ ಸುಳ್ಳು ಹೇಳುತ್ತಿರುವುದು ಬಟ್ಟೇ ಸರಿ.

ಆದರೂ ಅವರು ಆತುರದ ಮನುಷ್ಯರಲ್ಲ. ಬಟ್ಟನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಕಾಲು ಗಂಟೆ ಬಿಟ್ಟು ಮತ್ತೆ ಎತ್ತಿದರು. ಸರಿಯಾಗಿ ಐದು ಕಿಲೋ. ಮತ್ತೆ ಇಪ್ಪತ್ತು ಸಲ ಎತ್ತಿದರು. ಏಳು! ಹೀಗೆ ನಾಲ್ಕು ಬೆಳಗು ಪರೀಕ್ಷಿಸಿ, ಗೆರೆ ಎಳೆದ ಕಾಗದದಲ್ಲಿ ಬರೆದು, ಸಾಹೇಬರ ಮೇಜಿನ ಮೇಲಿಟ್ಟರು. ವರದಿಯ ಸಾರಾಂಶ ಇಷ್ಟೇ: ಮಾದರಿ ಬಟ್ಟು ವಿಶ್ರಾಂತಿಯಲ್ಲಿರುವಾಗ ಐದು ಕಿಲೋ ಇರುತ್ತದೆ, ಪದೇ ಪದೇ ಎತ್ತಿದರೆ ಏಳು ಕಿಲೋವರೆಗೆ ಬೆಳೆಯುತ್ತದೆ, ಮಲಗಿಸಿದರೆ ಮತ್ತೆ ಇಳಿಯುತ್ತದೆ.

ಸಾಹೇಬರು ಓದಿ ಕುರ್ಚಿಯಿಂದ ಬೀಳುವಂತೆ ನಕ್ಕರು.

"ಏನ್ರೀ ಇದು, ಬಟ್ಟಾ ಬಸುರಿಯಾ?"

"ತಾವು ನಗಬಹುದು ಸಾರ್. ಎತ್ತಿ ನೋಡಿ ನಗಬೇಕು."

ಮೊದಲು ಗುಮಾಸ್ತೆ ಅಮ್ಮ ಎತ್ತಿದರು. ಒಂಬತ್ತನೇ ಸಲಕ್ಕೆ, "ಅಯ್ಯೋ, ಹೌದಲ್ರೀ! ಬೆಳೀತಿದೆ ಇದು!" ಎಂದು ಕೂಗಿದರು. ಜವಾನ ಹದಿನಾಲ್ಕಕ್ಕೆ ಒಪ್ಪಿಕೊಂಡ. ಇಬ್ಬರೂ ವರದಿಯ ಕೆಳಗೆ ಸಾಕ್ಷಿ ಹಾಕಿದರು. ಕಚೇರಿಯಲ್ಲಿ ಮೂರು ಸಹಿ ಬಿದ್ದ ಮೇಲೆ ಯಾವ ಸಂಗತಿಯೂ ನಗುವ ಸಂಗತಿಯಾಗಿ ಉಳಿಯುವುದಿಲ್ಲ. ಸಾಹೇಬರೇ ಎದ್ದು ತೋಳು ಮಡಿಸಿ ಎತ್ತತೊಡಗಿದರು. ಮೂವತ್ತು ಆಯಿತು, ಮೂವತ್ತೈದು ಆಯಿತು. ನಲವತ್ತಕ್ಕೆ ಅವರ ಕುತ್ತಿಗೆಯಲ್ಲಿ ಒಂದು ನರ ಎದ್ದು ನಿಂತಿತು.

"ನನಗೇನೂ ಅನ್ನಿಸ್ತಿಲ್ಲ" ಎಂದು ಅವಸರವಾಗಿ ಇಳಿಸಿದರು.

ಸಾಹೇಬರು ಅದೇ ದಿನ ಎರಡು ಕೆಲಸ ಮಾಡಿದರು. ಬಟ್ಟನ್ನು ಪೆಟ್ಟಿಗೆ ಸಮೇತ ಮೇಲ್ಕಚೇರಿಗೆ ಪರೀಕ್ಷೆಗೆ ಕಳಿಸಿದರು. ಸರ್ಕಾರಿ ಬಟ್ಟಿನಲ್ಲಿ ವ್ಯಾಯಾಮ ಮಾಡುವವರು ಮತ್ತೆ ಹುಟ್ಟದಂತೆ, ಸ್ವಂತ ಅಕ್ಷರದಲ್ಲಿ ಒಂದು ಫಲಕ ಬರೆದು ಗೋಡೆಗೆ ಹೊಡೆಸಿದರು: 'ಮಾದರಿ ಬಟ್ಟನ್ನು ಬಲಗೈಯಲ್ಲೇ ಹಿಡಿಯತಕ್ಕದ್ದು. ಅದರ ಪೆಟ್ಟಿಗೆ ಅಥವಾ ತಕ್ಕಡಿಯ ತಟ್ಟೆ ಬಿಟ್ಟು ಬೇರೆಲ್ಲೂ ಇಡಕೂಡದು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಕೂಡದು. ತಪ್ಪಿದವರ ಮೇಲೆ ಕ್ರಮ.' ಈ ಫಲಕವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಸಾಹೇಬರು ಇಟ್ಟುಕೊಳ್ಳಲಿಲ್ಲ.

ಸುದ್ದಿ ಪೇಟೆಗೆ ಹೋಗಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಸಾಕಾಯಿತು. ತಳ ಕೊರೆದ ಬಟ್ಟಿಗಾಗಿ ಮೂರು ಸಲ ಸಿಕ್ಕಿಬಿದ್ದಿದ್ದ ಮೂಲೆ ಅಂಗಡಿಯ ಕಿರಾಣಿಯವನಿಗಂತೂ ಹಬ್ಬ.

"ಕೇಳಿದ್ರಾ? ಸರ್ಕಾರದ ಬಟ್ಟೇ ಹೊತ್ತಿಗೊಂದು ತೂಕ ತೋರಿಸುತ್ತಂತೆ! ಏಳು ಕಿಲೋ ಬಟ್ಟಿನ ಪಕ್ಕ ಇಟ್ಟು ನಮ್ಮ ಐದು ಕಿಲೋನ ಕಡಿಮೆ ಅಂದ್ರೆ, ಕಳ್ಳರು ಯಾರು?"

"ನಿನ್ನ ಬಟ್ಟಿನ ತಳದಲ್ಲಿ ಹೆಬ್ಬೆರಳು ಹೋಗೋಷ್ಟು ತೂತಿತ್ತಲ್ಲೋ" ಎಂದರು ಎದುರು ಅಂಗಡಿಯ ಹಣ್ಣಿನಕ್ಕ.

"ಅದು ಗಾಳಿ ಆಡಲಿ ಅಂತ ಅಕ್ಕಾ."

ಮಧ್ಯಾಹ್ನದ ಹೊತ್ತಿಗೆ ನಲವತ್ತು ಅಂಗಡಿಯವರು ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದರು. ತಮ್ಮಿಂದ ಕಿತ್ತುಕೊಂಡ ಬಟ್ಟುಗಳನ್ನೆಲ್ಲ ಮರ್ಯಾದೆಯಾಗಿ ವಾಪಸು ಕೊಡಬೇಕು, ಕೈತಕ್ಕಡಿ ಪೇಟೆಗೆ ಕಾಲಿಡಕೂಡದು ಎಂಬುದು ಬೇಡಿಕೆ. ಅವರ ಹಿಂದೆಯೇ ಕೊಳ್ಳುವ ಜನ ಬಂದು ಇನ್ನೊಂದು ಗಲಾಟೆ ತೆಗೆದರು. ಮುದುಕರೊಬ್ಬರು, ತಾವು ನಲವತ್ತು ವರ್ಷದಿಂದ ಮನೆಗೆ ಹೊತ್ತ ಚೀಲಗಳೆಲ್ಲ ಅಂಗಡಿಯಲ್ಲಿ ಹಗುರವಾಗಿದ್ದು ಮನೆ ಬಾಗಿಲಿಗೆ ಬರುವಷ್ಟರಲ್ಲಿ ಭಾರವಾಗಿರುತ್ತಿದ್ದವೆಂದೂ ಆ ರಹಸ್ಯ ಇವತ್ತು ಬಯಲಾಯಿತೆಂದೂ ಸಾರಿದರು. ಸಾಹೇಬರು ಕೈತಕ್ಕಡಿಯವರನ್ನು ಕಿಟಕಿಯ ಬಳಿಗೆ ಕರೆದು ಹೊರಗೆ ತೋರಿಸಿದರು.

"ನೋಡಿ, ನಿಮ್ಮ ಕೈ ಮಾಡಿದ ಕೆಲಸ. ಬಟ್ಟು ವಾಪಸು ಬರಲಿ. ಎಲ್ಲರ ಮುಂದೆ ತಪ್ಪೊಪ್ಪಿಗೆ ಬರ್ಕೊಡ್ಬೇಕು ನೀವು. 'ನನ್ನ ಕೈ ನಂಬಿಕೆಗೆ ಯೋಗ್ಯವಲ್ಲ' ಅಂತ."

"ಬರೆಯಲ್ಲ ಸಾರ್."

"ಬರೀತೀರಿ. ಅದನ್ನೂ ವರ್ಗಾವಣೆ ಪಟ್ಟಿಯನ್ನೂ ಒಟ್ಟಿಗೇ ಟಪಾಲಿಗೆ ಹಾಕ್ತೀನಿ."

ಆ ಭಾನುವಾರ ಕೈತಕ್ಕಡಿಯವರ ಮನೆಗೆ ಅತ್ತಿಗೆ ಬಂದರು. ತೀರಿಕೊಂಡ ಅಣ್ಣನ ಹೆಂಡತಿ. ಆಸ್ಪತ್ರೆಯಲ್ಲಿ ಕೈಕಾಲು ಬಿದ್ದವರಿಗೆ ವ್ಯಾಯಾಮ ಮಾಡಿಸಿ ಎದ್ದು ನಡೆಸುವ ಕೆಲಸ ಅವರದು. ಬಗ್ಗದ ಮೊಣಕಾಲುಗಳನ್ನು ಬಗ್ಗಿಸಿ ಬಗ್ಗಿಸಿ ಅವರಿಗೆ ಮನುಷ್ಯರನ್ನೂ ಹಾಗೇ ಬಗ್ಗಿಸುವ ಅಭ್ಯಾಸವಾಗಿತ್ತು. ಕತೆಯನ್ನೆಲ್ಲ ಕೇಳಿ, ಮೈದುನನ ಬಲಗೈಗೆ ತುಂಬಿದ ನೀರಿನ ಬಿಂದಿಗೆ ಕೊಟ್ಟು, ನೆಲಕ್ಕಿಡದೆ ಹಿಡಿದು ನಿಲ್ಲು ಎಂದರು.

"ಹೇಗಿದೆ?"

"ಬಿಂದಿಗೆ ಇದ್ದ ಹಾಗಿದೆ ಅತ್ತಿಗೆ."

ಅತ್ತಿಗೆ ಹೆಂಡತಿಯ ಜೊತೆ ಅದೂ ಇದೂ ಮಾತಾಡಿ, ಕಾಯಿಲೆ ಬಿದ್ದ ನೆಂಟರನ್ನೆಲ್ಲ ವಿಚಾರಿಸಿ ತಿರುಗಿದರು. ಬಿಂದಿಗೆ ನಡುಗುತ್ತಿತ್ತು.

"ಈಗ?"

"ಅತ್ತಿಗೇ, ಇದೂ ಬೆಳೀತಿದೆ!"

"ನೀರು ಬೆಳೆಯುತ್ತೇನಪ್ಪಾ? ಇಡು ಕೆಳಗೆ." ಅತ್ತಿಗೆ ತಮ್ಮ ಎರಡೂ ಕೈಬೆರಳುಗಳನ್ನು ಒಂದರೊಳಗೊಂದು ಹೆಣೆದು ಹಿಡಿದರು. "ನೋಡು, ಸ್ನಾಯುವಿನ ಒಳಗೆ ಹೀಗೆ ಎಳೆಗಳಿರ್ತವೆ. ಒಂದೊಂದು ಎಳೆಗೂ ನೂರಾರು ಪುಟ್ಟ ಕೈಗಳು, ಎಲ್ಲ ಸೇರಿದ್ರೆ ಕೋಟಿಗಟ್ಟಲೆ ಅಂದುಕೋ. ಅವು ಪಕ್ಕದ ಎಳೆಯನ್ನ ಹಿಡೀತವೆ, ಎಳೀತವೆ, ಬಿಡ್ತವೆ, ಮತ್ತೆ ಮುಂದಕ್ಕೆ ಹೋಗಿ ಹಿಡೀತವೆ. ಹಗ್ಗ ಜಗ್ಗಿದ ಹಾಗೆ. ಬೆರಳು ಒಳಕ್ಕೆ ಜಾರ್ತಾ ಇದೆ ನೋಡು, ಅದಕ್ಕೇ ತೋಳು ಗಿಡ್ಡ ಆಗಿ ಉಬ್ಬೋದು. ಒಂದೊಂದು ಸಲ ಬಿಟ್ಟು ಹಿಡಿಯೋಕೂ ಒಂದೊಂದು ತುತ್ತು ಬೇಕು ಅವಕ್ಕೆ."

"ನಾನು ಬಿಂದಿಗೆ ಎತ್ತಲೇ ಇಲ್ಲ, ಸುಮ್ಮನೆ ಹಿಡಿದು ನಿಂತಿದ್ದೆ."

"ನೀನು ಸುಮ್ಮನೆ ನಿಂತಿದ್ದೆ. ಅವು ಎಲ್ಲಿ ಸುಮ್ಮನಿದ್ವು? ಎಳೀತಾನೇ ಇದ್ವು. ಅದರಲ್ಲೂ ಬಿಗಿ ಹಿಡಿದು ನಿಂತರೆ ರಕ್ತದ ದಾರಿಯೂ ಅದುಮಿಕೊಳ್ಳುತ್ತೆ. ಊಟ ಒಳಗೆ ಬರಲ್ಲ, ಕಸ ಹೊರಗೆ ಹೋಗಲ್ಲ. ಆ ಕಸದ ನಡುವೆ ಪುಟ್ಟ ಕೈಗಳ ಹಿಡಿತ ಸಡಿಲ ಆಗುತ್ತೆ. ಆಗ ಮೆದುಳು ಇನ್ನಷ್ಟು ಎಳೆಗಳನ್ನ ಎಬ್ಬಿಸ್ಬೇಕು, 'ಎಳೀರೋ, ಎಳೀರೋ' ಅಂತ ಇನ್ನೂ ಜೋರಾಗಿ ಕೂಗ್ಬೇಕು. ನಿನಗೆ ಭಾರ ಅಂತ ಅನ್ನಿಸೋದು ಆ ಕೂಗು ಕಣಪ್ಪಾ. ಬಟ್ಟು ಅಲ್ಲ."

ಕೈತಕ್ಕಡಿಯವರು ತಮ್ಮ ತೋಳನ್ನು ಹೊಸದಾಗಿ ನೋಡುವಂತೆ ನೋಡಿದರು. ಒಳಗೆ ಇಷ್ಟು ಜನ ದುಡಿಯುತ್ತಿದ್ದರೂ ಒಂದು ದಿನ ಯೋಗಕ್ಷೇಮ ಕೇಳಲಿಲ್ಲವಲ್ಲ ಎಂದು ಮರುಗಿದಂತಿತ್ತು ಆ ನೋಟ.

"ಹಾಗಾದ್ರೆ ನನ್ನ ಕೈ ಸುಳ್ಳು ಹೇಳಿತಾ ಅತ್ತಿಗೆ?"

"ಸುಳ್ಳಲ್ಲ, ದಣಿವು. ದಣಿದ ಕೈಗೆ ಭಾರ ಹೆಚ್ಚಾಗಿ ಕಾಣುತ್ತೆ, ಅಷ್ಟೇ. ಬಿಡುವು ಕೊಡು, ಸರಿಹೋಗುತ್ತೆ. ಮೂವತ್ತನೇ ತಾರೀಖಿನವರೆಗೂ ಲೋಟಕ್ಕಿಂತ ದೊಡ್ಡದು ಎತ್ತಕೂಡದು."

"ಮತ್ತೆ ಆ ಟ್ರಂಕು?" ಎಂದರು ಹೆಂಡತಿ.

"ಅತ್ತಿಗೆ ಹೇಳಿದ್ದು ಕೇಳಿಸ್ತಲ್ಲ?" ಎಂದು ಕೈತಕ್ಕಡಿಯವರು ವಾರದಲ್ಲಿ ಮೊದಲ ಬಾರಿಗೆ ನಕ್ಕರು.

ಮೂವತ್ತನೇ ತಾರೀಖು ಬಂತು. ಬಟ್ಟು ಹಿಂದಿನ ದಿನವೇ ವಾಪಸಾಗಿತ್ತು, 'ಪೂರ್ಣ ಐದು ಕಿಲೋ, ದೋಷವಿಲ್ಲ' ಎಂಬ ಪ್ರಮಾಣಪತ್ರದ ಜೊತೆಗೆ. ದಾರಿಯಲ್ಲಿ ನೆನೆದು ಪೆಟ್ಟಿಗೆಯ ಮಖಮಲ್ಲು ಕಿತ್ತುಬಂದಿತ್ತು. ಗುಮಾಸ್ತೆ ಅಮ್ಮ ಮಧ್ಯಾಹ್ನ ಹೊಸ ಮಖಮಲ್ಲಿಗೆ ಗೋಂದು ಹಚ್ಚಲು ಕೂತಾಗ ಸಾಹೇಬರು ಬಟ್ಟನ್ನು ಯಂತ್ರದ ತಟ್ಟೆಯ ಮೇಲೆ ಇರಿಸಿದ್ದರು.

ನಾಲ್ಕೂವರೆಗೆ ಕಚೇರಿಯ ದೊಡ್ಡ ಕೋಣೆ ತುಂಬಿತು. ಅಂಗಡಿಯವರು ಗೋಡೆಗೆ ಒರಗಿ ನಿಂತರು. ಹಣ್ಣಿನಕ್ಕ ಬಾಗಿಲಲ್ಲೇ ನಿಂತರು. ಮೇಜಿನ ಮೇಲೆ ಎರಡು ಕಾಗದ: ಟೈಪಾಗಿ ಸಹಿಗೆ ಕಾದಿದ್ದ ವರ್ಗಾವಣೆ ಪಟ್ಟಿ, ತಪ್ಪೊಪ್ಪಿಗೆಗಾಗಿ ಒಂದು ಬಿಳಿ ಹಾಳೆ. ಸಾಹೇಬರು ಪ್ರಮಾಣಪತ್ರ ಗಟ್ಟಿಯಾಗಿ ಓದಿ, ಚರ್ಮದ ತುಂಡು ಹಾಕಿ ಬಲಗೈಯಲ್ಲಿ ಬಟ್ಟನ್ನು ಎತ್ತಿ, ಮೊಣಕೈ ಮಡಿಸಿ ಎದೆಯ ಮುಂದೆ ಹಿಡಿದರು. ಹಿತ್ತಾಳೆಯ ಜೊತೆ ತೋಳೂ ಹೊಳೆಯಿತು.

"ಎಲ್ಲಾ ನೋಡಿ! ನನ್ನ ಕೈಯಲ್ಲಿದೆ. ಇವರು ತಪ್ಪೊಪ್ಪಿಗೆ ಬರೆದು ಮುಗಿಸೋವರೆಗೂ ಹೀಗೇ ಹಿಡಿದಿರ್ತೀನಿ. ಒಂದು ಗ್ರಾಂ ಬೆಳೆದರೂ ಹೇಳ್ತೀನಿ. ಜವಾನಾ, ಆ ಯಂತ್ರ ತಗೊಂಡು ಪೇಟೆಗೆ ನಡಿ. ಇವತ್ತಿಂದ ಅದೇ ಪರೀಕ್ಷೆ ಮಾಡುತ್ತೆ."

ಜವಾನ ಯಂತ್ರವನ್ನು ಬಗಲಲ್ಲಿ ಇಟ್ಟುಕೊಂಡು ಹೊರಟೇಹೋದ. ಕೈತಕ್ಕಡಿಯವರು ಕುರ್ಚಿ ಎಳೆದುಕೊಂಡು ಕೂತರು. ಪೆನ್ನು ತೆಗೆದರು. ಮುಚ್ಚಳ ತೆಗೆದರು. ಮುಚ್ಚಳವನ್ನು ಎಲ್ಲಿಡಬೇಕೆಂದು ಸ್ವಲ್ಪ ಯೋಚಿಸಿದರು.

"'ಮಾನ್ಯರೇ' ಅಂತ ಶುರು ಮಾಡಲಾ ಸಾರ್, 'ಸನ್ಮಾನ್ಯರೇ' ಅಂತಲಾ?"

"ಯಾವುದಾದ್ರೂ ಬರೀರಿ."

"ಸ-ನ್ಮಾ-ನ್ಯ-ರೇ" ಎಂದು ಕೈತಕ್ಕಡಿಯವರು ಒಂದೊಂದು ಅಕ್ಷರವನ್ನೂ ಮುತ್ತು ಪೋಣಿಸುವಂತೆ ಬರೆದರು. "ಇಪ್ಪತ್ತೆರಡು ವರ್ಷಗಳ ಕಾಲ... ಈ ಕಚೇರಿಯ ಅನ್ನ ತಿಂದು... ಪೇಟೆಯ ಬೀದಿಬೀದಿಗಳಲ್ಲಿ..."

"ಇತಿಹಾಸ ಬೇಡ! ವಿಷಯಕ್ಕೆ ಬನ್ನಿ!" ಸಾಹೇಬರ ಮಣಿಕಟ್ಟು ಸಣ್ಣಗೆ ನಡುಗಿತು.

"ಬರ್ತಾ ಇದೀನಿ ಸಾರ್. 'ಬಟ್ಟು ಭಾರವಾಗುತ್ತದೆಂದು... ನಾನು ವರದಿ ಮಾಡಿದ್ದು... ತಪ್ಪು.' ಒಪ್ಪಿದೆ ಸಾರ್, ಅದು ತಪ್ಪೇ. ಬಟ್ಟು ಬೆಳೆಯಲ್ಲ."

ಅಂಗಡಿಯವರು ಗುಜುಗುಜು ಎಂದರು. ಸಾಹೇಬರ ಮುಖ ಅರಳಿತು, ಆದರೆ ಅರಳಿದ್ದು ಎಡಗಡೆ ಮಾತ್ರ. ಬಲಗಡೆಯದು ತೋಳಿನ ಕಡೆ ಎಳೆದುಕೊಂಡಿತ್ತು.

"ಮುಂದಿನ ವಾಕ್ಯ ಬರೀರಿ. 'ನನ್ನ ಕೈ ನಂಬಿಕೆಗೆ ಯೋಗ್ಯವಲ್ಲ.'"

"ಅದನ್ನ ಹೋಲಿಸಿ ಬರೀಬೇಕು ಸಾರ್. ಈಗ ತಮ್ಮ ಕೈಗೆ ಎಷ್ಟು ಅನ್ನಿಸ್ತಿದೆ?"

"ಐದು!"

"ಐ-ದು." ಬರೆದುಕೊಂಡರು. ಪೆನ್ನಿನ ತುದಿ ಒರೆಸಿದರು. "ಈಗ ಸಾರ್?"

ಸಾಹೇಬರ ಹಣೆಯಿಂದ ಒಂದು ಹನಿ ಇಳಿದು ಮೂಗಿನ ತುದಿಯಲ್ಲಿ ನಿಂತಿತು. ತೋಳಿನೊಳಗೆ ಕೋಟಿ ಪುಟ್ಟ ಕೈಗಳು ತುತ್ತಿಲ್ಲದೆ, ಉಸಿರಿಲ್ಲದೆ, ಕಸದ ರಾಶಿಯ ನಡುವೆ ಜಗ್ಗುತ್ತಿದ್ದವು. ಮೆದುಳು ಕೂಗುತ್ತಿತ್ತು. ಕೊನೆಗೆ ಸಾಹೇಬರ ಬಾಯೂ ಕೂಗಿತು.

"ಅಮ್ಮಾ, ಪೆಟ್ಟಿಗೆ ತನ್ರೀ!"

"ಗೋಂದು ಒಣಗಿಲ್ಲ ಸಾರ್" ಎಂದರು ಗುಮಾಸ್ತೆ ಅಮ್ಮ. "ಇಟ್ಟರೆ ಅಂಟ್ಕೊಳ್ಳುತ್ತೆ."

"ತಕ್ಕಡಿ?"

"ತಾವೇ ಉಗ್ರಾಣಕ್ಕೆ ಕಳಿಸಿದ್ರಿ. ಯಂತ್ರ ಈಗ ತಾನೇ ಪೇಟೆಗೆ ಹೋಯ್ತು."

ಸಾಹೇಬರು ಮೇಜಿನ ಕಡೆ ಬಗ್ಗಿದರು. ಹಣ್ಣಿನಕ್ಕ ಬಾಗಿಲಿನಿಂದಲೇ ಗೋಡೆಯ ಫಲಕ ತೋರಿಸಿ, "ಅದೇನೋ ಬರೆದಿದೆಯಲ್ಲ ಸ್ವಾಮಿ, ಬೇರೆಲ್ಲೂ ಇಡಕೂಡದು ಅಂತ. ನನಗೆ ಓದೋಕೆ ಬರುತ್ತೆ" ಎಂದರು. ಸಾಹೇಬರು ಎಡಗೈಗೆ ಬದಲಾಯಿಸಹೋದರು. "ಬಲಗೈಯಲ್ಲೇ" ಎಂದು ನಲವತ್ತು ಅಂಗಡಿಯವರು ಒಟ್ಟಿಗೆ ಓದಿದರು. ತಪ್ಪಿದ್ದಕ್ಕೆ ಕ್ರಮ ಎದುರಿಸಿ ಎದುರಿಸಿ ಬೇಸತ್ತ ಜನ ಅವರು. ಇನ್ನೊಬ್ಬರ ತಪ್ಪು ನೋಡುವ ಭಾಗ್ಯವನ್ನು ಬಿಡುತ್ತಾರೆಯೇ?

"ಈಗ ಎಷ್ಟು ಸಾರ್?" ಕೈತಕ್ಕಡಿಯವರು ಮತ್ತೆ ಕೇಳಿದರು.

"ಆರು!" ಸಾಹೇಬರ ಮೊಣಕೈ ಸೊಂಟದ ಕಡೆ ಜಾರಿತು. "ಏಳು! ಅಯ್ಯಯ್ಯೋ, ಹತ್ತು ಕಣ್ರೀ!"

"ಹಾಗೇ ಬರ್ಕೊಳ್ಳಲಾ ಸಾರ್?"

ಬಟ್ಟು ಬೆರಳುಗಳಿಂದ ಜಾರಿತು. ಅದು ನೆಲಕ್ಕೆ ಮುಟ್ಟುವ ಮೊದಲು ಕುರ್ಚಿಯಿಂದ ಎದ್ದ ಒಂದು ಕೈ, ಹತ್ತು ದಿನ ಲೋಟಕ್ಕಿಂತ ದೊಡ್ಡದನ್ನು ಎತ್ತದ ಕೈ, ಅದನ್ನು ಚರ್ಮದ ತುಂಡಿನ ಸಮೇತ ಹಿಡಿದುಕೊಂಡಿತು.

"ಐದು ಕಿಲೋ" ಎಂದರು ಕೈತಕ್ಕಡಿಯವರು. "ಒಂದು ಗ್ರಾಂ ಹೆಚ್ಚಿಲ್ಲ, ಕಡಿಮೆ ಇಲ್ಲ. ನಿಮ್ಮ ಕೈಯಿಂದ ನನ್ನ ಕೈಗೆ ದಾಟಿದೆ ಸಾರ್, ನಿಯಮ ಮುರಿದೆ. ಕ್ರಮ ತಗೊಳ್ಳಿ, ಬರ್ಕೊಳ್ಳಿ."

ಸಾಹೇಬರು ಕೆಂಪಾದರು. ಗಡಿಯಾರ ನೋಡಿದರು. ಐದಕ್ಕೆ ನಾಲ್ಕು ನಿಮಿಷ. ಟಪಾಲಿನವನು ಚೀಲದ ಬಾಯಿ ಹಿಡಿದು ನಿಂತಿದ್ದ. ತಪ್ಪೊಪ್ಪಿಗೆ ಹಾಳಾಗಿಹೋಗಲಿ, ವರ್ಗಾವಣೆ ಪಟ್ಟಿ ಹೋದರೆ ಸಾಕೆಂದು ಪೆನ್ನು ಕಿತ್ತುಕೊಂಡು ಸಹಿ ಹಾಕಿದರು. ಪೆನ್ನು ಅವರು ಹೇಳಿದ ಕಡೆ ಹೋಗಲಿಲ್ಲ. ಬಲಕ್ಕೆ ಹೋಗೆಂದರೆ ಮೇಲಕ್ಕೆ ಹೋಯಿತು, ನಿಲ್ಲೆಂದರೆ ಕುಣಿಯಿತು. ಹಾಳೆಯ ಮೇಲೆ ಮೂಡಿದ್ದು ಜಿರಲೆ ಶಾಯಿಯಲ್ಲಿ ಬಿದ್ದು ಎದ್ದು ಓಡಿದಂತಿದ್ದ ಒಂದು ಗೆರೆ.

ಗುಮಾಸ್ತೆ ಅಮ್ಮ ಕನ್ನಡಕ ಏರಿಸಿ ನೋಡಿದರು. "ಈ ಸಹಿ ತಮ್ಮದಲ್ಲ ಸಾರ್."

"ನಿಮ್ಮ ಕಣ್ಣೆದುರಿಗೇ ನಾನೇ ಹಾಕಿದೆನಲ್ರೀ!"

"ಇರಬಹುದು. ಮೇಲ್ಕಚೇರಿಯವರ ಹತ್ತಿರ ತಮ್ಮ ಮಾದರಿ ಸಹಿ ಇದೆ. ಮಾದರಿಗೆ ಹೊಂದದ್ದಕ್ಕೆ ನಾನು ಮುದ್ರೆ ಒತ್ತಲ್ಲ. ಇಪ್ಪತ್ತು ವರ್ಷದಿಂದ ಈ ಕಚೇರಿ ಕಲಿಸಿದ್ದೇ ಅದು."

ಇನ್ನೊಂದು ಪ್ರತಿ ಟೈಪಾಯಿತು. ಇನ್ನೊಂದು ಜಿರಲೆ ಓಡಿತು. "ಬಿಡುವು ಕೊಡಿ ಸಾರ್, ಸರಿಹೋಗುತ್ತೆ. ನಮ್ಮ ಅತ್ತಿಗೆ ಹೇಳಿದ್ದು" ಎಂದು ಕೈತಕ್ಕಡಿಯವರು ನಿಜವಾದ ಕನಿಕರದಿಂದಲೇ ಹೇಳಿದರು. ಗಡಿಯಾರ ಐದು ಹೊಡೆಯಿತು. ಟಪಾಲಿನವನು ಚೀಲದ ಬಾಯಿ ಕಟ್ಟಿ ಸೈಕಲ್ ಹತ್ತಿದ.

ಮರುದಿನ ಮಧ್ಯಾಹ್ನ ಕೈತಕ್ಕಡಿಯವರು ಪೇಟೆಯ ಮೂಲೆ ಅಂಗಡಿಯ ಮುಂದೆ ನಿಂತಿದ್ದರು. ಯಂತ್ರ ಹೊತ್ತ ಜವಾನ ಇನ್ನೂ ಎರಡು ಅಂಗಡಿ ಹಿಂದಿದ್ದ. ಕಿರಾಣಿಯವನು ಕೈ ಕಟ್ಟಿಕೊಂಡು, ಬೀದಿಗೆಲ್ಲ ಕೇಳುವಂತೆ ಕೇಳಿದ:

"ಏನ್ ಸ್ವಾಮಿ, ಬೆಳಿಗ್ಗೆಯಿಂದ ಎಷ್ಟು ಅಂಗಡಿ ಆಯ್ತು?"

"ಮೂವತ್ತೊಂದು."

"ಹಾಗಾದ್ರೆ ಕೈ ದಣಿದಿರುತ್ತೆ. ನಾವೂ ನಿನ್ನೆ ಕಣ್ಣಾರೆ ಕಂಡಿದೀವಿ, ದಣಿದ ಕೈ ಸರಿ ತೂಕ ಹೇಳಲ್ಲ."

"ದಣಿದಿದೆ ಕಣಯ್ಯಾ, ಸುಳ್ಳು ಯಾಕೆ ಹೇಳಲಿ" ಎಂದು ಕೈತಕ್ಕಡಿಯವರು ಕಟ್ಟೆಯ ಮೇಲಿನ ಎರಡು ಕಿಲೋ ಬಟ್ಟನ್ನು ಒಂದೇ ಒಂದು ಸಲ ಎತ್ತಿ ಇಳಿಸಿದರು. "ದಣಿದ ಕೈಗೆ ಭಾರ ಹೆಚ್ಚು ಕಾಣಬೇಕಿತ್ತು. ಇಷ್ಟು ದಣಿದಿದ್ರೂ ಇದು ನನಗೆ ಅರವತ್ತು ಗ್ರಾಂ ಕಡಿಮೆ ಕಾಣ್ತಿದೆ. ಕೈ ದಣಿಯದೆ ಇದ್ದಿದ್ರೆ ಇನ್ನೆಷ್ಟು ಕಡಿಮೆ ಕಾಣ್ತಿತ್ತೋ! ಮಗುಚು ಅದನ್ನ, ತಳ ನೋಡೋಣ."